ಎರಡು ಸೇರಿನ ಹಾಡು

ಸಂಖದ ಬಸ್ ಸ್ಟ್ಯಾಂಡಿನ ಎದುರು ನನ್ನ ಅಂಗಡಿ.
ಝೆರಾಕ್ಸ್, ಲ್ಯಾಮಿನೇಶನ್, ಸಾತ್-ಬಾರಾ ಉತಾರ.
ಹಲಗೆ ಮರಾಠಿಯಲ್ಲಿ, ಬೈಗುಳ ಕನ್ನಡದಲ್ಲಿ.
ದಿನವಿಡೀ ಕೆಲಸ ಒಂದೇ:
ಜನರನ್ನು ಸಣ್ಣ ಮಾಡುವುದು.

ಫೋಟೋ ಐವತ್ತು ಕೇಬಿಯೊಳಗೆ. ಸಹಿ ಇಪ್ಪತ್ತು.
ಜಾತಿ ಪ್ರಮಾಣಪತ್ರ, ಮುತ್ತಜ್ಜನ ಶಾಲೆ ದಾಖಲೆ ಸಮೇತ,
ಇನ್ನೂರೈವತ್ತು ದಾಟಿದರೆ ಕೆಂಪಕ್ಷರ.
ಕೆಲಸದ ಹುಡುಗನಿಗೆ ಹೇಳಿಕೊಟ್ಟಿದ್ದೇನೆ:
ಜಿಪ್ ಅಂದರೆ ಕೌದಿ ಮಡಚಿದ ಹಾಗೆ,
ಬಿಚ್ಚಿದರೆ ಹೊಲಿಗೆ ಹೊಲಿಗೆಯೂ ಮರಳಿ ಬರುತ್ತದೆ.
ಫೋಟೋ ಹಾಗಲ್ಲ. ಅದು ಬಣ್ಣ ಬಿಡುವ ಸೀರೆ,
ಒಗೆದ ನೀರು ಹಳ್ಳಕ್ಕೆ ಹೋಯಿತೆಂದರೆ ಹೋಯಿತು.
ಮೊದಲು ಅಳಿಯುವುದು ಸಿಡುಬಿನ ಕಲೆ,
ಆಮೇಲೆ ಹಣೆಯ ಹಚ್ಚೆ.
ಇದುವರೆಗೆ ಯಾರೂ ತಕರಾರು ಮಾಡಿಲ್ಲ.

ಸೋಮವಾರ ಗೌರವ್ವ ಬಂದಳು.
ನಾಲಿಗೆಯ ಮೇಲೆ ಮೂರೇ ಅಕ್ಷರ,
ಕಾರ್ಡಿನ ಮೇಲೆ ಗೌರಾಬಾಯಿ ಸಿದ್ರಾಮ ಬಿರಾದಾರ.
ವೃದ್ಧ ಕಲಾವಿದರ ಮಾನಧನಕ್ಕೆ ಅರ್ಜಿ.
ಮೊಮ್ಮಗಳ ಫೋನಿನಲ್ಲಿ ಬೀಸುವ ಹಾಡು,
ನಲವತ್ತೊಂದು ನಿಮಿಷ, ಮೂವತ್ತೆಂಟು ಎಂಬಿ.
ಸರ್ಕಾರ ಕೇಳಿದ್ದು ಎರಡು.

ಇಳಿಸಿದೆ. ಇನ್ನೊಂದು ಸಲ ಇಳಿಸಿದೆ.
ಇಯರ್‌ಫೋನು ಕಿವಿಗೆ ಹಚ್ಚಿ ಕೇಳಿಸಿದೆ.
"ಕಲ್ಲೆಲ್ಲಿ?" ಅಂದಳು.
"ಯಾವ ಕಲ್ಲು?"
"ಬೀಸೋ ಕಲ್ಲು. ಹಾಡಿನ ತೆಳಗ ಇರ್ತದಲ್ಲ, ಗುರ್ರ್ ಅಂತ.
ಬಳಿ ಸಪ್ಪಳಿಲ್ಲ. ನಾ ಉಸುರು ತಗೊಂಡದ್ದೂ ಇಲ್ಲ.
ಸತ್ತಾಕಿ ಹಾಡಿದಂಗ ಐತಿ."

ಹೇಳಲು ನೋಡಿದೆ: ಕಿವಿಗೆ ಬೇಡವಾದದ್ದನ್ನು
ಯಂತ್ರವೇ ಕೇರಿ ತೆಗೆಯುತ್ತದೆ ಅವ್ವಾ, ಮೊರದ ಹಾಗೆ.
"ಯಾರ ಕಿವಿಗಿ?"

ಕರೆಂಟು ಹೋಯಿತು. ಚಹಾ ತರಿಸಿದೆ.
ಬಶಿಗೆ ಸುರಿದು ಕುಡಿಯುತ್ತ ಕೇಳಿದಳು,
ಎರಡು ಎಂಬಿ ಅಂದರ ಎಷ್ಟು?
ದನಿ ಚೊಲೋ ಬೇಕಂದರ ಎರಡು ನಿಮಿಷ, ಅಂದೆ.
"ನಿಮಿಷ ನನಗ ತಿಳಿಯಂಗಿಲ್ಲ. ನಮ್ಮ ಹಾಡು ಸೇರಿನ ಲೆಕ್ಕ.
ಮನ್ಯಾಗ ಹದಿಮೂರು ಮಂದಿ ಇದ್ದಾಗ ಎರಡು ಸೇರು ಜ್ವಾಳದ ಹಾಡು.
ಕೂಸಿನ ಗಂಜಿಗಿ ಒಂದು ಹಿಡಿ ನುಚ್ಚು, ಅದಕ್ಕೂ ಒಂದು ಹಾಡಿತ್ತು.
ಕಾಳು ಮುಗದರ ಹಾಡೂ ಮುಗೀಬೇಕು,
ಇಲ್ಲಾಂದರ ಕಲ್ಲು ಕಲ್ಲನ್ನ ತಿಂತೈತಿ.
ನೀ ಸಣ್ಣ ಮಾಡಬ್ಯಾಡ. ನಾ ಸಣ್ಣದು ಹಾಡ್ತೀನಿ."

ಮರುದಿನ ಮೊಮ್ಮಗಳು ಫೋನು ತಂದಳು.
ಒಂದು ಬೊಗಸೆಯ ಹಾಡು, ಎರಡು ನಿಮಿಷಕ್ಕೆ ಹತ್ತು ಸೆಕೆಂಡು ಕಮ್ಮಿ.
ತವರಿಲ್ಲ, ಗಂಡನಿಲ್ಲ, ಅಣ್ಣ ಬರುವ ಕುದುರೆ ಇಲ್ಲ.
ಶಿವನ ಹೆಸರು ಒಂದು ಸಲ, ಕೂಸಿನ ಹೆಸರು ಒಂದು ಸಲ,
ಬಾಕಿಯೆಲ್ಲ ಕಲ್ಲು.
ಹಸಿರು ಗುರುತು ಬಿತ್ತು.

ದುಡ್ಡು ಬರುವುದೋ ಇಲ್ಲವೋ, ಇನ್ನೂ ಸುದ್ದಿಯಿಲ್ಲ.
ಆ ಮೂವತ್ತೆಂಟು ಎಂಬಿ ನನ್ನ ಕಂಪ್ಯೂಟರಿನಲ್ಲೇ ಇದೆ.
ಜಾಗ ಸಾಲದಾದಾಗ ಬೇರೆ ಏನಾದರೂ ಅಳಿಸುತ್ತೇನೆ.
ಹನ್ನೊಂದನೇ ನಿಮಿಷಕ್ಕೆ ಯಾರೋ ಬಾಗಿಲು ಬಡಿಯುತ್ತಾರೆ.
ಹಾಡು ನಿಲ್ಲುವುದಿಲ್ಲ,
ಕಲ್ಲು ಮಾತ್ರ ಅರೆಗಳಿಗೆ ನಿಲ್ಲುತ್ತದೆ.