ಸೂಲಗಿತ್ತಿಯ ಸೈಕಲ್ಲು

ಮೊದಲು ಗರಗರ ಅಂದಳು.
ಆಮೇಲೆ ತಾನೇ ತಿದ್ದಿದಳು: ಅಲ್ಲ, ಕಟಕಟ.
ಅದೂ ಅಲ್ಲ. ಕಟ್. ಸುಮ್ಮನೆ. ಕಟ್ ಕಟ್. ಸುಮ್ಮನೆ.
ಚಿಪ್ಪಿನ ಮಾಂಸ ತಿನ್ನುವಾಗ ಹಲ್ಲಿಗೆ ಮರಳು ಸಿಕ್ಕ ಹಾಗೆ.

ಹಾರ್ಲಿಂಗನ್ ಬಂದರಿನ ಹಿಂದೆ ನನ್ನ ಅಂಗಡಿ.
ಬಾಗಿಲಲ್ಲಿ ವೀಟ್ಸ್ಕೆ ಬೌಮಾ, ಈ ಕರಾವಳಿಯ
ಅರ್ಧ ಮಕ್ಕಳನ್ನು ಭೂಮಿಗೆ ಇಳಿಸಿಕೊಂಡವಳು,
ಒಂದು ಸದ್ದಿಗೆ ಹೆಸರಿಡಲಾಗದೆ ಕೈ ತಿರುವುತ್ತ ನಿಂತಳು.

ನನಗಿದು ಹೊಸದಲ್ಲ.
ಸದ್ದು ತಂದವರೆಲ್ಲ ಬಾಯಲ್ಲೇ ಮೋಟರು ಓಡಿಸುತ್ತಾರೆ.
ಪೋಸ್ಟಿನ ಯೆಲ್ಮರ್ ಗುಂಯ್ ಅಂದ: ಚಕ್ರದ ಕಡ್ಡಿ ಸಡಿಲ.
ಮೀನಿನ ಆಟ್ಯೆ ಕಿರ್ರ್ ಅಂದಳು: ಬೇರಿಂಗಿಗೆ ಉಪ್ಪುನೀರು.
ಒಬ್ಬ ತಿಂಗಳಿಡೀ ಟಿಣ್ ಟಿಣ್ ಎನ್ನುತ್ತ ಬಂದ,
ಕೊನೆಗೆ ಸಿಕ್ಕಿದ್ದು ಚೀಲದ ತಳದಲ್ಲಿ
ಅವನದೇ ಚಮಚ.

ಸ್ಟ್ಯಾಂಡಿಗೇರಿಸಿದೆ. ಮುಂದಿನ ಚಕ್ರದೊಳಗೆ ಮೋಟರು.
ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತಿರುಗಿತು.
'ನೋಡು, ನಿನ್ನೆದುರು ಮಾತ್ರ ಒಳ್ಳೆಯ ಹುಡುಗಿ,' ಅಂದಳು.
'ಏರಿಯ ಮೇಲೆ, ಎದುರುಗಾಳಿಯಲ್ಲಿ, ರಾತ್ರಿ ಎರಡಕ್ಕೆ ಕೇಳಬೇಕು.'
ಸರಿ, ಭಾರ ಬಿದ್ದಾಗ ಬಾಯಿ ಬಿಡುವ ಜಾತಿ.

ಬ್ರೇಕು ಅರೆ ಹಿಡಿದೆ, ಅದೇ ಎದುರುಗಾಳಿ ಅಂದುಕೊಳ್ಳಲಿ ಎಂದು.
ಸ್ಕ್ರೂಡ್ರೈವರಿನ ತುದಿ ಅಚ್ಚಿಗೆ, ಹಿಡಿ ನನ್ನ ದವಡೆಗೆ.
ಹತ್ತೊಂಬತ್ತು ವರ್ಷ ಹಡಗಿನ ತುಕ್ಕು ಕುಟ್ಟಿದ ಕಿವಿ ನನ್ನದು,
ತೆಳ್ಳನೆಯ ಸದ್ದುಗಳು ಒಂದೊಂದಾಗಿ ಬಿಟ್ಟುಹೋಗಿವೆ.
ಏನೋ ಇದೆ, ಅಂದಿತು ಎಲುಬು.
ಏನೆಂದು ಹೇಳಲಿಲ್ಲ.

ಅವಳು ಕೈಚೀಲ ಬಿಚ್ಚಿದಳು.
ಗೇಣುದ್ದದ ಮರದ ಕಹಳೆ, ಹಿಡಿದು ಹಿಡಿದು ಜೇನುಬಣ್ಣ,
ಬಸುರಿಯ ಹೊಟ್ಟೆಗಿಟ್ಟು ಒಳಗಿನ ಎದೆಬಡಿತ ಕೇಳುವಂಥದು.
ಅದರ ಅಗಲ ಬಾಯಿ ಅಚ್ಚಿನ ನಟ್ಟಿನ ಮೇಲೆ ಕೂತಿತು
ಅಳತೆ ಕೊಟ್ಟು ಮಾಡಿಸಿದ ಹಾಗೆ.
'ಪೆಡಲು ತಿರುವು. ಮೆಲ್ಲಗೆ. ಮಾತಾಡಬೇಡ.'
ಗಡಿಯಾರದ ಮೇಲೆ ಕಣ್ಣಿಟ್ಟು ಬಗ್ಗಿದಳು.
ನನ್ನ ಅಂಗಡಿಯಲ್ಲಿ ನಾನೇ
ಉಸಿರು ಬಿಗಿಹಿಡಿದು ನಿಂತೆ.

'ಮೂವರಿದ್ದಾರೆ ಒಳಗೆ,' ಅಂದಳು.
'ಇಬ್ಬರ ನಡೆ ನೆಟ್ಟಗಿದೆ. ಒಬ್ಬ ಸುತ್ತಿಗೊಮ್ಮೆ ಎಡವುತ್ತಾನೆ,
ನಿಮಿಷಕ್ಕೆ ನೂರ ಮೂವತ್ತು ಸಲ.
ಕೂಸಾಗಿದ್ದರೆ ಚಿಂತೆಯಿಲ್ಲ ಅನ್ನುತ್ತಿದ್ದೆ.'

ಒಳಗೆ ಮೂರು ನೈಲಾನ್ ಗೇರುಗಳಿರುವುದನ್ನು
ಅವಳಿಗೆ ಯಾರೂ ಹೇಳಿರಲಿಲ್ಲ.
ಕಹಳೆ ನನ್ನ ಕೈಗೆ ಕೊಟ್ಟಳು. ಕಿವಿಯೊತ್ತಿದೆ.
ಎಷ್ಟೋ ವರ್ಷದ ಮೇಲೆ
ಕಟ್ ಎಂಬುದರ ಕೊನೆಯಲ್ಲಿರುವ
ಆ ಅರೆ ಟ್ ಕೇಳಿಸಿತು.

ಅಷ್ಟರಲ್ಲಿ ಫೋನು. ಪಿಂಗ್ಯುಮ್‌ನಲ್ಲಿ ನೀರೊಡೆದಿದೆ, ಎರಡನೆಯ ಹೆರಿಗೆ.
ಗೋಡೆಗೊರಗಿದ ನನ್ನ ಹಳೇ ಸೈಕಲ್ಲು ತೋರಿಸಿದೆ.
'ಇದು ಸದ್ದು ಮಾಡುತ್ತದಾ?'
'ಎಲ್ಲ ಕಡೆಯಿಂದಲೂ. ಹೆದರಬೇಡ.'
ಕಹಳೆ ಕಸಿದು, ಕೋಟಿಗೆ ಒಮ್ಮೆ ಒರೆಸಿ,
ಏರಿಯ ಗಾಳಿಗೆ ತಲೆ ಕೊಟ್ಟು ಹೊರಟಳು.

ಸಂಜೆ ಮುಚ್ಚಳ ಬಿಚ್ಚಿದೆ. ಗ್ರೀಸು ಮೇಣವಾಗಿತ್ತು.
ಮೂರನೆಯ ಗೇರಿಗೆ ಒಂದು ಹಲ್ಲಿಲ್ಲ.
ಚಿಮಟದಲ್ಲಿ ಕೆದಕಿದಾಗ ಸಿಕ್ಕಿತು ಅದೂ,
ಹಾಲುಹಲ್ಲಿನಷ್ಟು, ಬೆಳ್ಳಗೆ.

ಬೆಳಿಗ್ಗೆ ಏಳಕ್ಕೆ ಬಂದಳು, ಕೆಸರಾಗಿ.
'ಗಂಡು. ನಾಲ್ಕೂವರೆ ಕಿಲೋ. ನಿನ್ನ ಸೀಟು ದರಿದ್ರದ್ದು.'
ಗೇರಿಗಿಷ್ಟು, ಗ್ರೀಸಿಗಿಷ್ಟು ಎಂದು ಬಿಲ್ಲು ಬರೆದೆ,
ತಪಾಸಣೆ ಎಂಬಲ್ಲಿ ಪೆನ್ನು ತಡೆಯಿತು.
ತಲೆಯೆತ್ತಿದರೆ, ಅವಳ ಕಿವಿಯ ಸುತ್ತ
ಬಳೆಯಷ್ಟು ದುಂಡಗೆ ಕಪ್ಪು: ನನ್ನ ಕೈಯ ಗ್ರೀಸು.
ರಾತ್ರಿಯಿಡೀ ಆ ಮನೆಯಲ್ಲಿ ಯಾರೂ ಹೇಳಿಲ್ಲ.
ನಾನೂ ಹೇಳಲಿಲ್ಲ.
ಪಿಂಗ್ಯುಮ್‌ನಲ್ಲಿ ಒಂದು ಹೊಟ್ಟೆಯ ಮೇಲೆ
ಇನ್ನೊಂದು ಇದ್ದೀತು, ನಟ್ಟಿನ ಗುರುತು.