ಸುಮ್ನ ಅನ್ನೂ ಫೋಲ್ಡರು

ನನ್ನ ಮೊಬೈಲಿನಾಗ ಒಂದು ಫೋಲ್ಡರ್ ಅದ,
ಹೆಸರು: ಸುಮ್ನ.
ಇದರಾಗ ಏನಿಟ್ಟೀಯಪ್ಪಾ, ಅಂತ ಮಗಳು ಕೇಳಿದಳು.
ಸುಮ್ನ, ಅಂದೆ.

ಸೊಲ್ಲಾಪುರ, ಅಕ್ಕಲಕೋಟ ರಸ್ತೆ, ಟವೆಲ್ ಕಾರ್ಖಾನಿ,
ರಾತ್ರಿ ಪಾಳಿ. ಎರಡೂವರಿಗೆ ಚಹಾದ ಹೊತ್ತು.
ಮಗ್ಗ ನಿಂತರೂ ಕಿವಿಯೊಳಗಿನ ಮಗ್ಗ ನಿಲ್ಲೂದಿಲ್ಲ.
ಆಗ ತೆಗೀತೀನಿ.

ಯಾವುದೋ ಥಂಡಿ ದೇಶದ ಹೆಣ್ಣುಮಗಳು
ಬಸ್ ಟಿಕೀಟಿನ ಬೆನ್ನ ಮ್ಯಾಲ ಚಿತ್ರ ಬರದು
ಓಡಿಸ್ಯಾಳ, ಐದುನೂರು ಟಿಕೀಟು, ನಲವತ್ತು ಸೆಕೆಂಡು:
ಒಂದು ಗೀಟು ಏಳ್ತದ, ಬೆನ್ನು ಬಗ್ಗಿಸ್ತದ,
ಕುದುರಿ ಆಗೂದರಾಗನ
ಟಿಕೀಟು ಮುಗದಾವ.
ಇನ್ನೊಬ್ಬಂವ ಕುರ್ಚಿ ಮಾಡ್ಯಾನ, ಕೂಡ್ಲಿಕ್ಕಲ್ಲ,
ಸಂಜಿ ಐದಕ್ಕ ಅದರ ನೆರಳು
ಗೋಡಿ ಮ್ಯಾಲ ಬೆಕ್ಕಾಗಲಿ ಅಂತ.
ಒಡದ ಹಂಚಿನ ಬಿರುಕು ಕೂಡಿಸಿ
ಅಕ್ಷರಮಾಲಿ ಕಟ್ಟಿದವರೂ ಇದ್ದಾರ.
ಅದರಾಗ ಳ ಇರಲಿಲ್ಲ, ಹುಡುಕಿದೆ.
ಮರುದಿನ ನಮ್ಮ ಪಾಯಖಾನಿ ಗೋಡ್ಯಾಗ ಸಿಕ್ತು.

ಹೀರೋ ಯಾರು? ಕೇಳ್ತಾನ ಗುಂಡೇಟಿ ರಾಜೇಶಂ.
ಇಲ್ಲ.
ಕತಿ?
ಇಲ್ಲಪಾ.
ಮತ್ಯಾಕ ಡೇಟಾ ಸುಡ್ತೀ?
ತೆಲುಗಿನಾಗ ನಗ್ತಾನ, ಮರಾಠ್ಯಾಗ ಬೈತಾನ,
ಚಹಾ ಮಾತ್ರ ಕನ್ನಡದಾಗ ಕುಡಸ್ತಾನ.

ಹೋದ ಅಮಾಸಿ ಹಿಂದಿನ ರಾತ್ರಿ ಒಂದು ಸಿಕ್ತು.
ಮೂರು ನಿಮಿಷ. ಕರೀ ರೀಲಿಗೆ ಸೂಜಿಲೆ
ತೂತು ಹೊಡದಾರ, ಅಷ್ಟ.
ಬೆಳಕು ಬರ್ತದ. ಹೋಗ್ತದ. ಬರ್ತದ.
ಮಳಿ ಅಲ್ಲ, ಚಿಕ್ಕಿ ಅಲ್ಲ, ಹೆಸರಿಲ್ಲ ಅದಕ್ಕ,
ಆದರೂ ಎದಿಯೊಳಗ ಯಾರೋ
ಲಾಳಿ ಒಗದಂಗ.

ತಾ ಇಲ್ಲೆ, ಅಂದ
ಗೇಟಿನ ಸ್ಟೂಲಿನಿಂದ ಕಾಡಸಿದ್ದಪ್ಪ ಕಾಕಾ.
ಕಂಪ್ಯೂಟರ್ ಬರೂಕಿಂತ ಮೊದಲ
ಜಕಾರ್ಡ ಮಗ್ಗಕ್ಕ ಕಾರ್ಡ ಹೊಡೀತಿದ್ದ, ಈಗ ವಾಚಮನ್.
ಚಸ್ಮಾ ಹಣಿ ಮ್ಯಾಲ ಏರಿಸಿ, ಮೊಬೈಲ್ ಮೂಗಿಗೆ ತಂದು
ಹೆಬ್ಬಟ್ಟಿಲೆ ನಿಲ್ಲಿಸಿ ನಿಲ್ಲಿಸಿ ನೋಡಿದ.
ತುಟಿ ಅಲುಗ್ತಿದ್ದವು. ಎಣಸ್ತಿದ್ದ.
ಮೂರು ನಿಮಿಷದ್ದಕ್ಕ ಅರ್ಧ ತಾಸು ಹಿಡೀತು,
ಮುಕಾದಮ ಎರಡು ಸಲ ಬೈದ.

ಇಲ್ಲೊಂದು ತೂತು ತಪ್ಪ್ಯದ, ಅಂದ ಕಾಕಾ.
ತಡೀ, ಮುಂದೂ ತಪ್ಪ್ಯದ, ಮತ್ತ ಅಲ್ಲೇ.
ಬೇಕಂತನ ತಪ್ಪಸ್ಯಾನ ಮಗ.
ಕೆಲಸ ಬಲ್ಲಂವ.

ಸುಟ್ಟಿ ದಿನ ಸಂಜೀಕ ಬಂದ, ಹೆಗಲ ಮ್ಯಾಲ ಗಂಟು.
ಅಟ್ಟದ ಮ್ಯಾಲ ಇಪ್ಪತ್ತು ವರ್ಷ ಮಲಗಿದ್ದ ಕಾರ್ಡು,
ದಾರದಿಂದ ಒಂದಕ್ಕೊಂದು ಹೊಲದದ್ದು,
ಒಂದು ಚಾದರಿನ ಅರ್ಧ ಮೈ.
ಗೋದಾಮಿನ ಹಿಂದ ಸುಣ್ಣದ ಗೋಡಿ,
ಎದುರಿಗೆ ರಾಜೇಶಂನ ಗಾಡಿ, ಲೈಟು ಚಾಲೂ.
ಒಂದು ತುದಿ ನಾ ಹಿಡದೆ, ಒಂದು ಕಾಕಾ.
ಸಾವಕಾಶ ಎಳಿ, ಅಂದ, ಹರಿಯೂ ಹಾಂಗಲ್ಲ.

ಎಳದೆವು.

ಗೋಡಿ ಮ್ಯಾಲ ಹಿಟ್ಟು ಜರಡಿ ಹಿಡದಂಗ ಬೆಳಕು,
ಸಾಲು ಸಾಲು, ಒಮ್ಮೆ ದಟ್ಟ, ಒಮ್ಮೆ
ಒಂದೇ ಒಂದು.
ರಾಜೇಶಂ ಸುಮ್ನ ನಿಂತಿದ್ದ, ಆಮ್ಯಾಲ ಕೇಳಿದ:
ನವಿಲಿತ್ತಲ್ಲ ಆ ಚಾದರಿಗೆ, ಎಲ್ಲದ?

ನವಿಲು ಹೊತಗೊಂಡು ಮಲಗವರಿಗೆ ಕಂಡಿರಬೇಕು,
ಅಂದ ಕಾಕಾ, ಕಾರ್ಡ ಬಿಡದ.
ಮೂವತ್ತೊಂದು ವರ್ಷ ನಾ ಕಂಡದ್ದು ಇದು.

ಗಾಡಿ ಬ್ಯಾಟರಿ ಇಳೀತಿತ್ತು.
ಇನ್ನೊಮ್ಮಿ ಎಳೀರಿ, ಅಂದ ರಾಜೇಶಂ, ಯಾವ ಭಾಷ್ಯಾಗೋ.
ರೆಕಾರ್ಡ್ ಮಾಡೂದು ಮೂವರಿಗೂ ಹೊಳೀಲಿಲ್ಲ,
ಆ ಫೋಲ್ಡರಿನಾಗ ಅದೊಂದು ಇಲ್ಲ.

ಕಡೀಕಡೀಕ ಒಂದು ಕಾರ್ಡು ಬಂತು
ಅಂಗೈಯಷ್ಟು ಹರದದ್ದು,
ಗೋಡಿ ತುಂಬ ಒಮ್ಮೆಲೆ ಬೆಳಕು.
ಇದು ನಂದಲ್ಲ, ಅಂದ ಕಾಕಾ,
ಇಲೀದು.
ಸ್ವಲ್ಪ ಹೊತ್ತು ಹಂಗ ಹಿಡಕೊಂಡು ನೋಡಿ,
ಛಲೋ ಹೊಡದದ, ಅಂದ.