ಅರ್ಧ ಇಂಚು

ಮೊದಲು ಕಂಡುಹಿಡಿದದ್ದು ಡಾಕ್ಟರಲ್ಲ, ಮಾಬೂಬಿ.
ಬಾಗಲಕೋಟೆ ನವನಗರದ ತಗಡಿನ ಶೆಡ್ಡಿನಲ್ಲಿ
ಗುಳೇದಗುಡ್ಡದ ಖಣ ಕತ್ತರಿಸುವ ಮುಂಚೆ
ಟೇಪನ್ನು ನನ್ನ ಹೆಗಲ ಮೇಲೆ ಎರಡು ಸಲ ಹಾಸಿ
ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಅಂದಳು:
"ಬಲಗಡಿ ಅರ್ಧ ಇಂಚು ಇಳದೈತಿ ಅಕ್ಕಾ.
ನೀರ ಹೊರ್ತೀರೇನ?"

ನೀರಲ್ಲ. ಗಾಜು.
ಹದಿನಾಲ್ಕು ವರ್ಷದ ಮದುವೆ, ಕುಬುಸ, ತೊಟ್ಟಿಲು,
ನಡುನಡುವೆ ಭಾನುವಾರದ ಹಿನ್ನೀರಿನ ಹಕ್ಕಿ,
ಎಲ್ಲವನ್ನೂ ಹೊತ್ತದ್ದು ಇದೇ ಮೂಳೆ.

ಚೀಲ ಎಷ್ಟು ತೂಗುತ್ತದೆಂದು ಎಂದೂ ಕೇಳಿರಲಿಲ್ಲ.
ಅನ್ನ ಕೊಡುವುದನ್ನು ತೂಗಬಾರದು ಅಂತ
ಒಳಗೆಲ್ಲೋ ಒಂದು ಅಂಜಿಕೆ.
ಆದರೂ ಮರುದಿನ ಉಳ್ಳಾಗಡ್ಡಿ ಚನಮಲ್ಲಪ್ಪನ ಕಾಟಾದ ಮೇಲೆ
ಒಂದೊಂದಾಗಿ ಇಳಿಸಿದೆ.
ದೊಡ್ಡದು, ಬಿಳಿ ಕೊಳವೆಯದು: ಒಂದೂವರೆ ಕಿಲೊ.
"ಇಷ್ಟರಾಗ ಒಂದ ಮನಿಗೆ ವಾರದ ಉಳ್ಳಾಗಡ್ಡಿ ಆಕ್ಕಾವ್ರಿ."
ಅದರ ತಮ್ಮ, ಮಂಟಪದೊಳಗಿನದು: ಒಂಬೈನೂರು ಗ್ರಾಮು.
ಎರಡು ಕ್ಯಾಮೆರಾ, ಫ್ಲ್ಯಾಶು, ಸ್ಟ್ಯಾಂಡು, ಬ್ಯಾಟರಿ
ಲೆಕ್ಕ ಏಳು ದಾಟಿದ ಮೇಲೆ ಚನಮಲ್ಲಪ್ಪ
ಮುಳ್ಳು ನೋಡುವುದನ್ನೇ ಬಿಟ್ಟ;
ತಕ್ಕಡಿ ತಟ್ಟೆಯ ಸಿಪ್ಪೆ ಊದಿದ.

ರಾತ್ರಿ ಗಾಜುಗಳ ಜೊತೆ ಕೂತು ವಾದ.
ಬೆಳಕು ಹೆಚ್ಚು ಬೇಕೆಂದರೆ ಬಾಯಿ ಅಗಲ ಬೇಕು,
ಬಾಯಿ ಅಗಲವಾದರೆ ಹೊಟ್ಟೆಯೂ ದೊಡ್ಡದು,
ನಮ್ಮ ಸೋದರಮಾವನ ಹಾಗೆ.
ಒಂದು ಸ್ಟಾಪು ಕತ್ತಲೆ ಒಪ್ಪಿಕೊಂಡರೆ
ಅರ್ಧ ತೂಕ ಇಳಿಯುತ್ತದೆ.
ಜೂಮು ಬಿಟ್ಟರೆ ಇನ್ನೂ.
ಬೆಳಗಿನ ಹಾಲಿನವ ಬರುವ ಹೊತ್ತಿಗೆ ಉಳಿದವು ಎರಡು:
ಮೂವತ್ತೈದು, ಎಂಬತ್ತೈದು.
ಒಂದು ಮನೆ ತುಂಬ ಮಂದಿಗೆ, ಒಂದು ಒಬ್ಬರ ಮುಖಕ್ಕೆ.
ಎರಡೂ ಕೂಡಿ ಒಂದು ಸೇರು ಜೋಳದಷ್ಟೂ ಇಲ್ಲ.

ಮೊದಲ ಮದುವೆ ಇಳಕಲ್ಲಿನಲ್ಲಿ.
ಮದುಮಗನ ದೊಡ್ಡಪ್ಪ ಊಟದ ಪಂಕ್ತಿಯಿಂದಲೇ ಎದ್ದು ಬಂದ:
"ದೊಡ್ಡ ಲೆನ್ಸ ಎಲ್ಲೈತ್ರಿ? ರೊಕ್ಕಾ ಮಾತ್ರ ಪೂರಾ ಮಾತಾಡೀರಿ."
ತೋರಿಸಲು ನನ್ನ ಬಳಿ ಏನಿತ್ತು,
ಶೇಂಗಾ ಉಂಡಿಯಷ್ಟು ಕರಿ ಗಾಜು.
ಅಕ್ಕಿಕಾಳಿನ ಹೊತ್ತಿಗೆ ದೂರದಿಂದ ಕದಿಯಲಾಗದೆ
ಹೆಂಗಸರ ನಡುವೆ ನುಗ್ಗಿದೆ.
ಯಾರದೋ ಮೊಣಕೈ, ಯಾರದೋ ಮಲ್ಲಿಗೆ ದಂಡೆ.
ಹುಡುಗಿಯ ತಾಯಿ ನನ್ನ ಕೈಗೂ ಒಂದು ಹಿಡಿ ಕೊಟ್ಟಳು.
ಎಸೆಯುವುದೋ, ಗುಂಡಿ ಒತ್ತುವುದೋ?
ಎಸೆದೆ.
ಆ ಫೋಟೊ ಇಲ್ಲ.

ಹಿನ್ನೀರಲ್ಲಿ ಇನ್ನೂ ಕಷ್ಟ.
ಹೋದ ವರ್ಷ ಕೊಕ್ಕಿನ ತುದಿಯ ಕಪ್ಪಿನ ಸಮೇತ ಸಿಕ್ಕ ರಾಜಹಂಸ
ಈ ವರ್ಷ ಬರೀ ಚುಕ್ಕಿ.
ಕೆಳಗೆ ಮುಳುಗಿದ ಹಳೆ ಓಣಿ, ಮೇಲೆ ಆಕಾಶ,
ನಡುವೆ ಸಾಲಾಗಿ ಚುಕ್ಕಿ ಇಟ್ಟು
ಗೆರೆ ಎಳೆಯುವುದನ್ನು ಮರೆತು ಯಾರೋ ಒಳಗೆ ಹೋದಂತೆ.
ಚಂದ ಅನಿಸಿತು ಅಂತ ಸುಳ್ಳು ಹೇಳಲಾರೆ.
ಹೊಟ್ಟೆ ಉರಿಯಿತು. ಬಹಳ ಹೊತ್ತು ನಿಂತೆ.
ಬೆನ್ನು ನೋಯದೆ ನಿಂತಿದ್ದೆ ಎಂಬುದು
ಮನೆಗೆ ಬಂದು ಚಹಾ ಕುಡಿಯುವಾಗ ಗೊತ್ತಾಯಿತು.

ದೊಡ್ಡದನ್ನು ಕೊಂಡವನು ಕೆರೂರಿನ ಹುಡುಗ.
ಹೆಸರು ಮುದಕಪ್ಪ, ವಯಸ್ಸು ಇಪ್ಪತ್ತೊಂದು,
ರೊಕ್ಕ ಮೂರು ಕಂತು.
ಕೊಳವೆಯ ಗೀರು ಸವರಿ ಕೇಳಿದ, "ಇದೇನ್ರಿ?"
ಲೋಕಾಪುರದ ಮದುವೆ, ಬ್ಯಾಂಡಿನವನ ತುತ್ತೂರಿ ತಾಗಿದ್ದು ಅಂದೆ.
ಅದನ್ನೂ ಗ್ಯಾರಂಟಿ ಕಾರ್ಡಿನಂತೆ ತಲೆಯಾಡಿಸಿ ಇಟ್ಟುಕೊಂಡ.
ಬಸ್ಸಿಗೆ ಹೊರಟವನು ಆಗಲೇ ಬಲಕ್ಕೆ ವಾಲಿದ್ದ.
ಹೆಗಲು ಬದಲಿಸುತ್ತಿರೋ ತಮ್ಮಾ, ಅಂತ ಕೂಗಿದೆ.
ಹಾರ್ನಿನಲ್ಲಿ ಕೇಳಲಿಲ್ಲ.

ಯುಗಾದಿಗೆ ಮತ್ತೆ ಮಾಬೂಬಿ, ಮತ್ತೆ ಟೇಪು.
ರಿಸಲ್ಟಿಗೆ ಕಾದವಳಂತೆ ಉಸಿರು ಹಿಡಿದು ನಿಂತೆ.
"ಅಷ್ಟ ಐತಿ ಅಕ್ಕಾ, ಅರ್ಧ ಇಂಚು.
ಒಳಗ ಪಟ್ಟಿ ಕೊಟ್ಟು ಸಮಾ ಮಾಡ್ಲೇನ?"
ಬೇಡ, ಹೆಂಗೈತೋ ಹಂಗ ಹೊಲಿ.
ಖಣದ ಮೇಲೆ ಸೀಮೆಸುಣ್ಣದ ಗೆರೆ ಎಳೆದಳು,
ಬಲಗಡೆ ತುಸು ಕೆಳಗೆ.
ಬಾಗಿದಾಗ ಕಂಡಿತು, ಅವಳ ಎಡ ಹೆಗಲೂ ಇಳಿದಿದೆ,
ಮಷೀನಿನ ಕಡೆಗೆ.
ಮೂವತ್ತೈದನ್ನು ಹೊರಗೆ ತೆಗೆದೆ.
"ಒಂದು ತೆಗೀಲೇನು?"
"ತಗೀರಿ," ಅಂದಳು,
"ಬಾಯಾಗ ಪಿನ್ನೈತಿ, ನಗಾಕ ಆಗೂದಿಲ್ಲ."